ಮಡಿಯಾದ ನದಿ, ಮೈಲಿಗೆಯಾದ ಜನ: ಬ್ರಾಂಕ್ಸ್ ನದಿ ಪಾರ್ಕ್‌ವೇಯ ಒಂದು ಓದು

1

ನಮ್ಮೂರ ಹೊಳೆಗೆ ಮೂರು ಕಡೆ ಇಳಿಯುವ ಜಾಗಗಳಿದ್ದವು. ಮೇಲಿನದು ದೇವರ ನೀರಿಗೆ. ಅದಕ್ಕೆ ಕಲ್ಲಿನ ಮೆಟ್ಟಿಲು. ಅದರ ಕೆಳಗೆ ಊರವರದು. ಇನ್ನೂ ಕೆಳಗೆ, ದನ ತೊಳೆಯುವ ಜಾಗವನ್ನೂ ದಾಟಿ ನಮ್ಮ ಕೇರಿಯವರದು. ಅಲ್ಲಿ ಮೆಟ್ಟಿಲು ಇರಲಿಲ್ಲ, ಜಾರುವ ಕೆಸರು ಇತ್ತು. ಎಲ್ಲೂ ಬೋರ್ಡು ತಗುಲಿಹಾಕಿರಲಿಲ್ಲ. ಆದರೂ ಯಾರು ಎಲ್ಲಿ ಕೊಡ ಮುಳುಗಿಸಬೇಕು ಅನ್ನೋದು ಮೂರು ವರ್ಷದ ಕೂಸಿಗೂ ಗೊತ್ತಿತ್ತು. 'ಹೊಳೆಗೆ ಜಾತಿ ಇಲ್ಲ ಕಣಪ್ಪ, ದಡಕ್ಕೆ ಐತೆ' ಅಂತ ನಮ್ಮಜ್ಜಿ ಹೇಳುತ್ತಿದ್ದಳು.

ಅಜ್ಜಿಯ ಈ ಮಾತನ್ನು ಒಂದು ಚರಿತ್ರೆಯ ಸೂತ್ರವಾಗಿ ಬಳಸಬಹುದು ಅಂತ ನನಗೆ ಹೊಳೆದದ್ದು ತೀರಾ ಈಚೆಗೆ. ಕಾಲೇಜಿನಲ್ಲಿ ಅಮೆರಿಕಾದ ಚರಿತ್ರೆ ಪಾಠ ಮಾಡುವಾಗ ನ್ಯೂಯಾರ್ಕಿನ ಒಂದು ರಸ್ತೆಯ ಬಗ್ಗೆ ಓದಬೇಕಾಗಿ ಬಂತು. ಬ್ರಾಂಕ್ಸ್ ನದಿಯ ದಡಗುಂಟ ಹೋಗುವ ರಸ್ತೆ ಅದು. ಓದುತ್ತಾ ಹೋದಂತೆ, ಸಾವಿರಾರು ಮೈಲಿ ಆಚೆಯ ಆ ದಡದಲ್ಲೂ ಮೇಲಿನ ಮೆಟ್ಟಿಲು, ಕೆಳಗಿನ ಕೆಸರು ಕಾಣತೊಡಗಿದವು. ಅಷ್ಟೇ ಆಗಿದ್ದರೆ 'ಅಲ್ಲೂ ಹಾಗೇ, ಇಲ್ಲೂ ಹಾಗೇ' ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಆ ರಸ್ತೆ ಕಟ್ಟಿಸಿದ ಆಯೋಗದ ಅಧ್ಯಕ್ಷನೇ ನಮ್ಮ ಜಾತಿಪದ್ಧತಿಯನ್ನು ಹೆಸರಿಟ್ಟು ಮೆಚ್ಚಿಕೊಂಡಿದ್ದಾನೆ. ಅವನು ಹಾಗೆ ಬರೆದ ವರ್ಷವೇ, ಅದೇ ನಗರದಲ್ಲಿ, ನಮ್ಮವನೊಬ್ಬ ಆ ವಾದದ ಬೇರಿಗೇ ಕೊಡಲಿ ಹಾಕಿದ್ದಾನೆ. ಈ ಸಂಬಂಧವನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ದಲಿತ ವಿಮರ್ಶೆ ಅಂದರೆ ಕಥೆ, ಕಾದಂಬರಿ, ಕವಿತೆಗಳನ್ನು ಓದುವ ಕ್ರಮ ಎಂದು ನಾವು ತಿಳಿದಿದ್ದೇವೆ. ಅದು ಸರಿಯೇ. ಆದರೆ ರಸ್ತೆ, ಉದ್ಯಾನ, ಸೇತುವೆ, ಚರಂಡಿ ಇವೂ ಪಠ್ಯಗಳೇ. ಇವನ್ನು ಬರೆದವರು ಯಾರು, ಬರೆಯುವಾಗ ಅಳಿಸಿಹಾಕಿದ್ದು ಏನನ್ನು, ಯಾರ ಮೈ ಇವುಗಳ ಮೇಲೆ ಓಡಾಡಬಹುದು, ಯಾರದ್ದು ಕೂಡದು ಎಂದು ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿ ನಮಗಿದೆ. ಯಾಕೆಂದರೆ ಬೀದಿಯಲ್ಲಿ ನಡೆಯುವುದಕ್ಕೂ ಹೋರಾಟ ಮಾಡಬೇಕಾಗಿ ಬಂದ ಜನ ನಾವು.

2

ಮೊದಲು ಸಂಗತಿಗಳು. ಬ್ರಾಂಕ್ಸ್ ನದಿ ದೊಡ್ಡ ನದಿಯೇನಲ್ಲ. ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ವೆಸ್ಟ್‌ಚೆಸ್ಟರ್ ಪ್ರಾಂತದಲ್ಲಿ ಹುಟ್ಟಿ, ದಕ್ಷಿಣಕ್ಕೆ ಹರಿದು, ಬ್ರಾಂಕ್ಸ್ ಎಂಬ ನಗರಭಾಗವನ್ನು ಸೀಳಿ, ಈಸ್ಟ್ ರಿವರ್ ಎಂಬ ಸಮುದ್ರದ ಕಾಲುವೆಗೆ ಸೇರುತ್ತದೆ. ಇದಕ್ಕೆ ಮೂಲನಿವಾಸಿಗಳು ಕರೆಯುತ್ತಿದ್ದ ಹೆಸರು ಅಕ್ವಾಹಂಗ್. 1639ರಲ್ಲಿ ಅಲ್ಲಿ ಬಂದು ನೆಲೆಸಿದ ಯೋನಾಸ್ ಬ್ರಾಂಕ್ ಎಂಬ ವಲಸೆಗಾರನ ಹೆಸರು ನದಿಗೂ ಅಂಟಿತು, ನೆಲಕ್ಕೂ ಅಂಟಿತು. ಅಂದರೆ ಈ ನದಿಯ ಚರಿತ್ರೆಯಲ್ಲಿ ಮೊದಲು ಎತ್ತಂಗಡಿಯಾದದ್ದು ಅದರ ಹೆಸರು.

19ನೇ ಶತಮಾನದಲ್ಲಿ ನದಿಯ ದಡದಲ್ಲಿ ಗಿರಣಿಗಳು ಬಂದವು, ರೈಲು ಬಂತು, ಮೇಲಿನ ಊರುಗಳು ಬೆಳೆದವು. ಊರುಗಳ ಕೊಳಚೆ, ಕಾರ್ಖಾನೆಗಳ ಹೊಲಸು ಎಲ್ಲವೂ ನದಿಗೆ. ಆ ವಾಸನೆಯ ದಡದಲ್ಲಿ ಜಾಗ ಅಗ್ಗ. ಅಗ್ಗದ ಜಾಗ ಹುಡುಕಿಕೊಂಡು ಬಂದ ದುಡಿಯುವ ಜನ ಅಲ್ಲಿ ಮನೆ, ಗುಡಿಸಲು, ಶೆಡ್ಡು ಹಾಕಿಕೊಂಡು ಬದುಕುತ್ತಿದ್ದರು. ನದಿ ಮುಂದೆ ಹರಿದು ಬ್ರಾಂಕ್ಸಿನ ದೊಡ್ಡ ಮೃಗಾಲಯದ ಒಳಗೆ ಹಾದುಹೋಗುತ್ತಿತ್ತು. 1899ರಲ್ಲಿ ತೆರೆದ ಈ ಮೃಗಾಲಯವನ್ನು ನಡೆಸುತ್ತಿದ್ದದ್ದು ನಗರದ ಶ್ರೀಮಂತರೆಲ್ಲ ಸೇರಿ ಮಾಡಿಕೊಂಡಿದ್ದ ನ್ಯೂಯಾರ್ಕ್ ಜುವಾಲಾಜಿಕಲ್ ಸೊಸೈಟಿ. ಮೃಗಾಲಯಕ್ಕೆ ಹೊಲಸು ನೀರು ಬರುತ್ತಿದೆ ಎಂಬ ದೂರಿನಿಂದ ಈ ಕಥೆ ಶುರುವಾಗುತ್ತದೆ.

1907ರಲ್ಲಿ ರಾಜ್ಯ ಸರ್ಕಾರ ಒಂದು ಕಾನೂನು ಮಾಡಿ ಬ್ರಾಂಕ್ಸ್ ಪಾರ್ಕ್‌ವೇ ಆಯೋಗವನ್ನು ನೇಮಿಸಿತು. ಖರ್ಚಿನಲ್ಲಿ ಮುಕ್ಕಾಲು ಪಾಲು ನ್ಯೂಯಾರ್ಕ್ ನಗರದ್ದು, ಕಾಲು ಪಾಲು ವೆಸ್ಟ್‌ಚೆಸ್ಟರಿನದು. ಆಯೋಗದ ಕೆಲಸ ಏನೆಂದರೆ, ನದಿಯ ಎರಡೂ ದಡದ ಜಮೀನನ್ನು ಕೊಂಡು ಅಥವಾ ಸ್ವಾಧೀನಪಡಿಸಿಕೊಂಡು, ಅಲ್ಲಿದ್ದದ್ದನ್ನೆಲ್ಲ ತೆರವು ಮಾಡಿ, ಉದ್ದನೆಯ ಉದ್ಯಾನವನ್ನು ಮಾಡಿ, ಅದರ ನಡುವೆ ಒಂದು ಅಂದದ ರಸ್ತೆಯನ್ನು ಬಿಡುವುದು. ಅದೇ ಪಾರ್ಕ್‌ವೇ. ಹಣದ ಜಗಳ, ನಡುವೆ ಮೊದಲ ಮಹಾಯುದ್ಧ ಎಲ್ಲ ಮುಗಿದು, ಬ್ರಾಂಕ್ಸ್‌ನಿಂದ ಉತ್ತರದ ಕೆನ್ಸಿಕೊ ಅಣೆಕಟ್ಟಿನವರೆಗಿನ ರಸ್ತೆ ಪೂರ್ತಿಯಾಗಿ ತೆರೆದದ್ದು 1925ರಲ್ಲಿ. ಅಷ್ಟರಲ್ಲಿ ಒಂದೂವರೆ ಕೋಟಿ ಡಾಲರಿಗೂ ಹೆಚ್ಚು ಖರ್ಚಾಗಿತ್ತು.

ಈ ರಸ್ತೆಯ ಕಟ್ಟುವಿಕೆಯಲ್ಲಿ ಹೊಸದು ಬಹಳ ಇತ್ತು. ಸಾಮಾನ್ಯ ರಸ್ತೆಯ ಪಕ್ಕ ಜಮೀನಿದ್ದವನಿಗೆ ರಸ್ತೆಗೆ ಇಳಿಯುವ ಹಕ್ಕಿರುತ್ತದೆ. ಇಲ್ಲಿ ಅದಿಲ್ಲ. ರಸ್ತೆಯ ಎರಡೂ ಬದಿ ಉದ್ಯಾನದ ಪಟ್ಟಿ. ಗೊತ್ತುಮಾಡಿದ ಕಡೆಗಳಲ್ಲಿ ಮಾತ್ರ ಒಳಗೆ ಬರಬಹುದು. ಅಡ್ಡ ರಸ್ತೆಗಳು ಕಲ್ಲಿನ ಕಮಾನು ಸೇತುವೆಗಳ ಮೇಲೆ ಹಾದುಹೋಗುತ್ತವೆ. ಲಾರಿಗಳಿಗೆ ಪ್ರವೇಶವಿಲ್ಲ. ನದಿಯನ್ನು ಬೇಕಾದ ಕಡೆ ತಿರುಗಿಸಿ, ಪಾತ್ರ ಬದಲಿಸಿ, ಗಿಡಮರ ನೆಟ್ಟು, ಇದೆಲ್ಲ ಅನಾದಿಯಿಂದ ಹೀಗೇ ಇತ್ತು ಅನ್ನಿಸುವ ಹಾಗೆ ಮಾಡಲಾಯಿತು. ಎಂಜಿನಿಯರ್ ಜೇ ಡೌನರ್, ಸಸ್ಯವಿನ್ಯಾಸ ಮಾಡಿದ ಹರ್ಮನ್ ಮರ್ಕೆಲ್, ಗಿಲ್ಮೋರ್ ಕ್ಲಾರ್ಕ್ ಇವರ ಕೈಚಳಕವನ್ನು ಅಲ್ಲಗಳೆಯುವಂತಿಲ್ಲ. ಮುಂದೆ ಜಗತ್ತಿನ ಎಷ್ಟೋ ಹೆದ್ದಾರಿಗಳು ಕಲಿತದ್ದು ಈ ಪಾಠಶಾಲೆಯಲ್ಲೇ.

ಆಯೋಗ ತನ್ನ ವರದಿಗಳಲ್ಲಿ ಜೋಡಿ ಫೋಟೋಗಳನ್ನು ಅಚ್ಚು ಹಾಕುತ್ತಿತ್ತು. ಒಂದು ಕಡೆ 'ಮೊದಲು': ತಿಪ್ಪೆ, ಮುರುಕು ಶೆಡ್ಡು, ಕಕ್ಕಸುಗಳು, ಜಾಹೀರಾತು ಹಲಗೆ. ಇನ್ನೊಂದು ಕಡೆ 'ಆಮೇಲೆ': ತಿಳಿನೀರು, ಹುಲ್ಲು, ಮರ. ನೂರಾರು ಕಟ್ಟಡಗಳು ಹೀಗೆ ಮೊದಲನೇ ಫೋಟೋದಿಂದ ಎರಡನೇ ಫೋಟೋಕ್ಕೆ ಬರುವಷ್ಟರಲ್ಲಿ ಮಾಯವಾದವು. ಅವುಗಳ ಒಳಗೆ ಇದ್ದವರು ಎಲ್ಲಿಗೆ ಹೋದರು? ಆ ಪ್ರಶ್ನೆಗೆ ಮೂರನೇ ಫೋಟೋ ಬೇಕಿತ್ತು. ಅಂಥದೊಂದನ್ನು ಅಚ್ಚು ಹಾಕುವ ರೂಢಿ ಎಲ್ಲೂ ಇಲ್ಲ. ನಮ್ಮ ನಗರಗಳಲ್ಲಿ ಕೊಳೆಗೇರಿ ಎತ್ತಿಸಿದಾಗಲೂ ಪತ್ರಿಕೆಯಲ್ಲಿ ಬರುವುದು ಎರಡೇ ಫೋಟೋ ಅಲ್ಲವೆ?

3

ಈ ಆಯೋಗದ ಅಧ್ಯಕ್ಷ ಮ್ಯಾಡಿಸನ್ ಗ್ರಾಂಟ್. 1865ರಲ್ಲಿ ಹುಟ್ಟಿ 1937ರಲ್ಲಿ ತೀರಿಕೊಂಡ. ಹಳೆಯ ಶ್ರೀಮಂತ ಮನೆತನ, ಕೊಲಂಬಿಯಾದಲ್ಲಿ ಕಾನೂನು ಪದವಿ. ಕಾಡು, ಕಾಡುಪ್ರಾಣಿ, ಮರಗಳ ರಕ್ಷಣೆಗಾಗಿ ದುಡಿದವರಲ್ಲಿ ಇವನ ಹೆಸರು ಮುಂಚೂಣಿಯಲ್ಲಿದೆ. ಜುವಾಲಾಜಿಕಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮಹಾವೃಕ್ಷಗಳನ್ನು ಉಳಿಸುವ ಸಂಘವನ್ನು 1918ರಲ್ಲಿ ಕಟ್ಟಿದವರಲ್ಲೂ ಒಬ್ಬ. ಇಷ್ಟೇ ಓದಿದರೆ ಇವನೊಬ್ಬ ಮಹಾನುಭಾವ.

ಈಗ ಇನ್ನೊಂದು ಮಗ್ಗುಲು. 1906ರ ಸೆಪ್ಟೆಂಬರಿನಲ್ಲಿ ಇದೇ ಸೊಸೈಟಿಯ ಮೃಗಾಲಯದ ಮಂಗಗಳ ಮನೆಯಲ್ಲಿ ಓಟಾ ಬೆಂಗಾ ಎಂಬ ಆಫ್ರಿಕಾದ ಕಾಂಗೋ ಪ್ರದೇಶದ ತರುಣನನ್ನು ಪ್ರದರ್ಶನಕ್ಕೆ ಇಟ್ಟರು. ಒರಾಂಗುಟಾನ್ ಜೊತೆಗೆ. ಜನ ತಂಡೋಪತಂಡವಾಗಿ ಬಂದು ನೋಡಿದರು, ನಕ್ಕರು, ಅಟ್ಟಾಡಿಸಿದರು. ಆಗ ಗ್ರಾಂಟ್ ಸೊಸೈಟಿಯ ಕಾರ್ಯದರ್ಶಿ. ನಗರದ ಕಪ್ಪು ಪಾದ್ರಿಗಳು ಜೇಮ್ಸ್ ಗಾರ್ಡನ್ ಎಂಬುವರ ಮುಂದಾಳತ್ವದಲ್ಲಿ ಪ್ರತಿಭಟಿಸಿದ ಮೇಲೆ ಅವನನ್ನು ಅಲ್ಲಿಂದ ಬಿಡಿಸಲಾಯಿತು. ಕಾಂಗೋಕ್ಕೆ ಮರಳುವ ದಾರಿ ಕಾಣದೆ ಓಟಾ ಬೆಂಗಾ 1916ರ ಮಾರ್ಚಿನಲ್ಲಿ ವರ್ಜೀನಿಯಾದ ಲಿಂಚ್‌ಬರ್ಗ್ ಎಂಬ ಊರಿನಲ್ಲಿ ಗುಂಡು ಹಾರಿಸಿಕೊಂಡು ಸತ್ತ. ಆ ಸಂಸ್ಥೆ ಈ ಕೃತ್ಯಕ್ಕೆ ಕ್ಷಮೆ ಕೇಳಿದ್ದು 2020ರಲ್ಲಿ. ನಡುವೆ 114 ವರ್ಷ.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೃಗಾಲಯದೊಳಗೆ ಹೊಲಸು ನೀರು ಹರಿದು ಬಂದರೆ ಸಹಿಸದ ಮಂದಿ, ಅದೇ ಮೃಗಾಲಯದೊಳಗೆ ಒಬ್ಬ ಮನುಷ್ಯನನ್ನು ಕೂಡಿಹಾಕಿದ್ದನ್ನು ಸಹಿಸಿದರು. ಹಕ್ಕಿಗೆ ಶುದ್ಧ ನೀರು ಬೇಕು ಅಂತ ಅವರಿಗೆ ತಿಳಿಯಿತು. ಮನುಷ್ಯನಿಗೆ ಮಾನ ಬೇಕು ಅನ್ನೋದು ತಿಳಿಯಲಿಲ್ಲ. ಇದು ನಮಗೆ ಹೊಸದೇನೂ ಅಲ್ಲ. ಗೋವಿನ ಗಂಜಲ ತೀರ್ಥವಾಗುವ, ಮನುಷ್ಯನ ನೆರಳು ಮೈಲಿಗೆಯಾಗುವ ನಾಡಿನವರು ನಾವು.

1916ರಲ್ಲೇ ಗ್ರಾಂಟ್‌ನ ಪುಸ್ತಕ ಹೊರಬಂತು. ಅದರ ಹೆಸರು 'ದಿ ಪಾಸಿಂಗ್ ಆಫ್ ದಿ ಗ್ರೇಟ್ ರೇಸ್'. ಉತ್ತರ ಯುರೋಪಿನ 'ನಾರ್ಡಿಕ್' ಜನಾಂಗವೇ ಶ್ರೇಷ್ಠ, ಉಳಿದವರ ಜೊತೆ ಬೆರೆತು ಅದರ ರಕ್ತ ಕೆಡುತ್ತಿದೆ, ಕೀಳಾದವರು ಬರುವುದನ್ನೂ ಹೆರುವುದನ್ನೂ ತಡೆಯಬೇಕು ಎಂಬುದು ಅದರ ತಿರುಳು. ಇದನ್ನು ಆ ಕಾಲದಲ್ಲಿ ಸುಜನನಶಾಸ್ತ್ರ ಎಂದು ವಿಜ್ಞಾನದ ಹೆಸರಿನಲ್ಲೇ ಮಾರುತ್ತಿದ್ದರು. 1924ರಲ್ಲಿ ಅಮೆರಿಕಾ ತಂದ ವಲಸೆ ಕಾನೂನು ದಕ್ಷಿಣ ಮತ್ತು ಪೂರ್ವ ಯುರೋಪಿನ ಬಡವರನ್ನು, ಯಹೂದಿಗಳನ್ನು ಬಾಗಿಲಲ್ಲೇ ತಡೆಯಿತು. ಏಷ್ಯಾದವರಿಗೆ ಬಾಗಿಲನ್ನೇ ಮುಚ್ಚಿತು. ಅದರ ಹಿಂದೆ ಗ್ರಾಂಟ್ ಮತ್ತು ಅವನ ಗೆಳೆಯರ ಒತ್ತಾಯವಿತ್ತು. 1925ರಲ್ಲಿ ಪುಸ್ತಕ ಜರ್ಮನ್ ಭಾಷೆಗೆ ಅನುವಾದವಾಯಿತು. ಪಾರ್ಕ್‌ವೇ ತೆರೆದದ್ದೂ ಅದೇ ವರ್ಷ. ಎರಡನೇ ಮಹಾಯುದ್ಧದ ನಂತರ ನ್ಯೂರೆಂಬರ್ಗ್‌ನಲ್ಲಿ ನಾಜಿ ವೈದ್ಯರ ವಿಚಾರಣೆ ನಡೆದಾಗ, ಹಿಟ್ಲರನ ವೈದ್ಯ ಕಾರ್ಲ್ ಬ್ರಾಂಟ್‌ನ ಪರ ವಕೀಲರು ಗ್ರಾಂಟ್‌ನ ಪುಸ್ತಕವನ್ನು ಮುಂದಿಟ್ಟರು. ನಾವು ಮಾಡಿದ್ದನ್ನು ನಿಮ್ಮವರೇ ಬರೆದಿದ್ದರಲ್ಲ ಎಂಬುದು ಅದರ ಇಂಗಿತ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಒಬ್ಬ ಮನುಷ್ಯನ ಕೆಟ್ಟ ಪುಸ್ತಕಕ್ಕೂ ಅವನು ಮಾಡಿಸಿದ ಒಳ್ಳೆಯ ರಸ್ತೆಗೂ ಏನು ಸಂಬಂಧ? ನದಿ ನಿಜವಾಗಿಯೂ ಹೊಲಸಾಗಿರಲಿಲ್ಲವೆ? ಹೊಲಸಾಗಿತ್ತು. ನದಿ ಶುದ್ಧವಾಗಬಾರದು ಅಂತ ಯಾರೂ ಹೇಳುವುದಿಲ್ಲ, ನಾವಂತೂ ಹೇಳಲಾರೆವು. ಹೊಲಸು ನೀರು ಕುಡಿದು ಸತ್ತವರಲ್ಲಿ ನಮ್ಮವರೇ ಹೆಚ್ಚು. ಆದರೆ ಶುದ್ಧಿ ಅನ್ನುವ ಒಂದೇ ಮಾತಿನೊಳಗೆ ಎರಡು ಕೆಲಸ ನಡೆಯುತ್ತವೆ. ಕೊಳೆಯನ್ನು ತೆಗೆಯುವುದು ಒಂದು. ಯಾರು ಕೊಳೆ ಎಂದು ತೀರ್ಮಾನಿಸುವುದು ಇನ್ನೊಂದು. ಮೊದಲನೆಯದು ನೈರ್ಮಲ್ಯ, ಎರಡನೆಯದು ಮಡಿ. ನದಿಗೆ ಹೊಲಸು ಬಿಟ್ಟದ್ದರಲ್ಲಿ ಮೇಲಿನ ಊರುಗಳದ್ದೂ ಕಾರ್ಖಾನೆಗಳದ್ದೂ ದೊಡ್ಡ ಪಾಲು. ಅವಕ್ಕೆ ಒಳಚರಂಡಿ ಸಿಕ್ಕಿತು. ದಡದಲ್ಲಿದ್ದ ಬಡವರಿಗೆ ಸಿಕ್ಕಿದ್ದು ಎತ್ತಂಗಡಿ. ಕಣಿವೆಯ ಆಸ್ತಿಯ ಬೆಲೆ ಏರಿತು. ಆ ಏರಿಕೆಯನ್ನೇ ಯೋಜನೆಯ ಯಶಸ್ಸಿಗೆ ಸಾಕ್ಷಿಯಾಗಿ ತೋರಿಸಲಾಯಿತು. ಪಾರ್ಕ್‌ವೇಯ ದಡದ ಬ್ರಾಂಕ್ಸ್‌ವಿಲ್ ಎಂಬ ಊರು 20ನೇ ಶತಮಾನದ ನಡುಭಾಗದವರೆಗೂ ಯಹೂದಿಗಳನ್ನು ಹತ್ತಿರ ಸೇರಿಸದ್ದಕ್ಕೆ ಹೆಸರಾಗಿತ್ತು. ರಕ್ತ ಕೆಡಬಾರದು, ನೀರು ಕೆಡಬಾರದು, ಬೀದಿ ಕೆಡಬಾರದು. ಈ ಮೂರೂ ಒಂದೇ ತಲೆಯಲ್ಲಿ ಒಟ್ಟಿಗೆ ಇದ್ದವು.

4

ಗ್ರಾಂಟ್ ತನ್ನ ಪುಸ್ತಕದಲ್ಲಿ ಭಾರತದ ವಿಷಯಕ್ಕೂ ಬರುತ್ತಾನೆ. ಆರ್ಯ ವಿಜೇತರು ತಮ್ಮ ರಕ್ತದ ಶುದ್ಧಿಯನ್ನು ಕಾಪಾಡಿಕೊಳ್ಳಲು ಪಟ್ಟ ಪಾಡಿನ ಗುರುತೇ ಜಾತಿಪದ್ಧತಿ ಎನ್ನುತ್ತಾನೆ. ಅಷ್ಟಕ್ಕೆ ನಿಲ್ಲದೆ, ತನ್ನ ದೇಶದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬೇರೆ ರೈಲುಡಬ್ಬಿ ಇಟ್ಟಿರುವುದರ ಉದ್ದೇಶವೂ ಅದೇ ಎಂದು ಸೇರಿಸುತ್ತಾನೆ. ಜಾತಿ ಮತ್ತು ವರ್ಣಭೇದ ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಹೋಲಿಸುವುದು ಶೋಷಿತರ ಪರವಾದವರೇ ಶುರುಮಾಡಿದ್ದು ಅಂತ ನಾನು ತಿಳಿದಿದ್ದೆ. ಶೋಷಕನೂ ಅದೇ ಹೋಲಿಕೆಯನ್ನು ಹೆಮ್ಮೆಯಿಂದ ಮಾಡಿದ್ದಾನೆ. ಇದು ನೆನಪಿನಲ್ಲಿ ಇರಬೇಕಾದ ಸಂಗತಿ.

ಇದೇ 1916ರ ಮೇ 9ರಂದು, ಅದೇ ನ್ಯೂಯಾರ್ಕಿನಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಗೋಷ್ಠಿಯಲ್ಲಿ 25 ವರ್ಷದ ಒಬ್ಬ ವಿದ್ಯಾರ್ಥಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದ. ಅವರೇ ನಮ್ಮ ಬಾಬಾಸಾಹೇಬರು. ಗೋಷ್ಠಿಯನ್ನು ನಡೆಸುತ್ತಿದ್ದವರು ಅಲೆಗ್ಸಾಂಡರ್ ಗೋಲ್ಡನ್‌ವೈಸರ್. ಕೀವ್ ನಗರದಲ್ಲಿ ಹುಟ್ಟಿದ ಯಹೂದಿ, ಫ್ರಾಂಜ್ ಬೋವಾಸ್‌ರ ಶಿಷ್ಯ. ಗ್ರಾಂಟ್ ಯಾರು ಅಮೆರಿಕಾಕ್ಕೆ ಬರಬಾರದು ಅಂತ ಬರೆಯುತ್ತಿದ್ದನೋ ಅಂಥವರಲ್ಲಿ ಒಬ್ಬರು ಗುರುವಿನ ಸ್ಥಾನದಲ್ಲಿ ಕೂತಿದ್ದರು. ಯಾರನ್ನು ಊರೊಳಗೆ ಬಿಟ್ಟುಕೊಳ್ಳುವುದಿಲ್ಲವೋ ಅಂಥವರಲ್ಲಿ ಒಬ್ಬರು ಪ್ರಬಂಧ ಓದುತ್ತಿದ್ದರು. ಮರುವರ್ಷ ಬೋವಾಸ್ ಗ್ರಾಂಟ್‌ನ ಪುಸ್ತಕವನ್ನು ಖಂಡಿಸಿ ವಿಮರ್ಶೆ ಬರೆದರು.

ಆ ಪ್ರಬಂಧದಲ್ಲಿ ಬಾಬಾಸಾಹೇಬರು ಹೇಳಿದ್ದೇನು? ಭಾರತದ ಜನ ಆರ್ಯ, ದ್ರಾವಿಡ, ಮಂಗೋಲ, ಸಿಥಿಯನ್ ಎಲ್ಲರೂ ಬೆರೆತು ಆದವರು. ಶುದ್ಧ ರಕ್ತ ಅಂತ ಯಾವುದೂ ಇಲ್ಲ. ಜಾತಿಯ ಜೀವ ಇರುವುದು ತಮ್ಮೊಳಗೇ ಮದುವೆಯಾಗುವ ಕಟ್ಟಳೆಯಲ್ಲಿ. ಆ ಕಟ್ಟಳೆಯನ್ನು ಕಾಯುವುದಕ್ಕಾಗಿ ಹೆಣ್ಣಿನ ಮೇಲೆ ಸತಿ, ವಿಧವೆಯ ಬಾಳು, ಬಾಲ್ಯವಿವಾಹ ಎಲ್ಲ ಬಂದವು. ಒಂದು ವರ್ಗ ತನ್ನ ಬಾಗಿಲು ಹಾಕಿಕೊಂಡಿತು, ಉಳಿದವು ಅದನ್ನು ಅನುಕರಿಸಿದವು, ಅನುಕರಿಸದವರು ಹೊರಗುಳಿದರು. ಯುರೋಪಿನ ವಿದ್ವಾಂಸರು ಜಾತಿಯಲ್ಲಿ ಬಣ್ಣವನ್ನೇ ಕಾಣುವುದು ಅವರ ಕಣ್ಣಿನಲ್ಲೇ ಬಣ್ಣದ ಪೂರ್ವಗ್ರಹ ಇರುವುದರಿಂದ ಎಂಬ ಅರ್ಥದ ಮಾತನ್ನೂ ಹೇಳಿದರು. ಗ್ರಾಂಟ್‌ಗೆ ಇದಕ್ಕಿಂತ ಚೊಕ್ಕವಾದ ಉತ್ತರ ಬೇಕೆ? ಒಬ್ಬರು ಇನ್ನೊಬ್ಬರನ್ನು ಓದಿರಲೇಬೇಕು ಅಂತೇನಿಲ್ಲ. ಒಂದು ನಗರದೊಳಗೆ ಒಂದೇ ವರ್ಷ ಎರಡು ದರ್ಶನಗಳು ಎದುರುಬದುರು ನಿಂತಿದ್ದವು ಅನ್ನುವುದೇ ಚರಿತ್ರೆಯ ಸತ್ಯ.

ಬಾಬಾಸಾಹೇಬರು ಈ ನಿಲುವನ್ನು ಕೊನೆಯವರೆಗೂ ಬಿಡಲಿಲ್ಲ. 1936ರ 'ಜಾತಿ ವಿನಾಶ'ದಲ್ಲಿ, ಪಂಜಾಬಿನ ಬ್ರಾಹ್ಮಣನಿಗೂ ಮದ್ರಾಸಿನ ಬ್ರಾಹ್ಮಣನಿಗೂ ಯಾವ ಜನಾಂಗ ಸಂಬಂಧ ಎಂದು ಕೇಳಿದರು. ಅಸ್ಪೃಶ್ಯರ ಮೂಲದ ಬಗ್ಗೆ 1948ರಲ್ಲಿ ಬಂದ ಪುಸ್ತಕದಲ್ಲಿ, ಜನಾಂಗವಾದಿಗಳ ಮೂಗಿನ ಅಳತೆಗಳನ್ನೇ ತೆಗೆದುಕೊಂಡು ಅವರ ವಾದವನ್ನೇ ಮುರಿದರು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ನಮ್ಮ ಚಳವಳಿಯ ವೇದಿಕೆಗಳಲ್ಲಿ ಆರ್ಯರ ರಕ್ತ, ನಮ್ಮ ರಕ್ತ ಎಂಬ ಮಾತು ಸಲೀಸಾಗಿ ಬಂದುಬಿಡುತ್ತದೆ. ಚಪ್ಪಾಳೆಯೂ ಬೀಳುತ್ತದೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಅಂಥ ಭಾಷಣ ಮಾಡಿದ್ದೇನೆ. ಮೇಲಿನವನನ್ನು ಕೆಳಗೆ, ಕೆಳಗಿನವನನ್ನು ಮೇಲೆ ಇಟ್ಟರೂ ಅಳೆಯುವ ಕೋಲು ಗ್ರಾಂಟ್‌ನದೇ ಆಗಿದ್ದರೆ ನಾವು ಗೆದ್ದಂತಾಯಿತೆ? ರಕ್ತದ ಮಾತು ಆಡುವವನು, ಯಾವ ಕಡೆಯವನೇ ಆಗಲಿ, ಬಾಗಿಲು ಹಾಕಿಕೊಳ್ಳುವ ತಯಾರಿಯಲ್ಲಿರುತ್ತಾನೆ. ನಮ್ಮೊಳಗೇ ಎಡ ಬಲ ಎಂದು ಹೆಣ್ಣು ಕೊಟ್ಟು ತರದ ನಾವು ಬಾಬಾಸಾಹೇಬರ ಆ ಪ್ರಬಂಧವನ್ನು ಪುನಃ ಪುನಃ ಓದಬೇಕಾಗಿದೆ.

5

ಗ್ರಾಂಟ್‌ನ ಕೋಲನ್ನು ಕೈಗೆ ತೆಗೆದುಕೊಂಡ ಭಾರತೀಯರೂ ಇದ್ದರು. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನ ಸಿಖ್ಖರು ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕಾದ ಸೈನ್ಯದಲ್ಲಿದ್ದವರು. ಪೌರತ್ವ ಬೇಕಾದರೆ 'ಬಿಳಿಯ' ಆಗಿರಬೇಕು ಎಂಬ ಕಾನೂನು ಆಗಿತ್ತು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಅವರ ಪರವಾಗಿ ಮಂಡಿಸಿದ ವಾದವೇನು ಗೊತ್ತೆ? ಮೇಲ್ಜಾತಿಯ ಹಿಂದೂ ಆರ್ಯ, ಹಾಗಾಗಿ ಬಿಳಿಯ. ಅಮೆರಿಕಾದವನು ಕಪ್ಪು ಜನರೊಡನೆ ಮದುವೆ ಸಂಬಂಧ ಬೆಳೆಸಲು ಹೇಗೆ ಒಪ್ಪುವುದಿಲ್ಲವೋ ಹಾಗೇ ಮೇಲ್ಜಾತಿಯವನು ಅಲ್ಲಿನ ಮೂಲನಿವಾಸಿಗಳೊಡನೆ ಒಪ್ಪುವುದಿಲ್ಲ. ಅಂದರೆ ಅಸ್ಪೃಶ್ಯತೆಯನ್ನೇ ಅರ್ಹತಾಪತ್ರವಾಗಿ ನ್ಯಾಯಾಲಯದಲ್ಲಿ ಹಾಜರುಪಡಿಸಲಾಯಿತು!

ನ್ಯಾಯಾಲಯ ಒಪ್ಪಲಿಲ್ಲ. ವಿದ್ವಾಂಸರು ಏನೇ ಹೇಳಲಿ, ಬೀದಿಯ ಸಾಮಾನ್ಯ ಬಿಳಿಯನ ಕಣ್ಣಿಗೆ ನೀವು ಬಿಳಿಯರಾಗಿ ಕಾಣುವುದಿಲ್ಲ ಎಂದಿತು. ಆಗಲೇ ಪೌರತ್ವ ಪಡೆದಿದ್ದ ಎಷ್ಟೋ ಭಾರತೀಯರು ಅದನ್ನು ಕಳೆದುಕೊಂಡರು. ಆ ತೀರ್ಪು ಅನ್ಯಾಯದ್ದು, ಅದರಲ್ಲಿ ಸಂಶಯವಿಲ್ಲ. ಆದರೆ ಮೇಲಿನ ಮೆಟ್ಟಿಲಲ್ಲಿ ನಿಂತು ಅಭ್ಯಾಸವಾದವನು ಬೇರೆ ಊರಿನ ಹೊಳೆಗೆ ಹೋದಾಗಲೂ ಮೇಲಿನ ಮೆಟ್ಟಿಲನ್ನೇ ಹುಡುಕುತ್ತಾನೆ ಅನ್ನೋದು ಇದರಿಂದ ತಿಳಿಯುತ್ತದೆ. ಇದಕ್ಕೆ ಎದುರಾಗಿ ಇನ್ನೊಂದು ದಾರಿಯೂ ಇತ್ತು. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ನಾಯಕ ಡಬ್ಲ್ಯು.ಇ.ಬಿ. ಡುಬಾಯ್ಸ್‌ರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದರು. ಡುಬಾಯ್ಸ್ ಉತ್ತರಿಸಿದರು. ಥಿಂಡ್ ದಾರಿ ಮೇಲಿನವರ ಬಾಗಿಲು ತಟ್ಟಿತು. ಈ ದಾರಿ ಕೆಳಗಿನ ದಡದವರನ್ನು ಮಾತನಾಡಿಸಿತು.

6

ಬ್ರಾಂಕ್ಸ್ ಪಾರ್ಕ್‌ವೇಯ ಪಾಠ ಮುಂದೆ ರಾಬರ್ಟ್ ಮೋಸಸ್ ಎಂಬ ಅಧಿಕಾರಿಯ ಕೈಗೆ ಬಂತು. ನ್ಯೂಯಾರ್ಕಿನ ಸುತ್ತಮುತ್ತ ಇವನು ಪಾರ್ಕ್‌ವೇಗಳ ಜಾಲವನ್ನೇ ಹಾಸಿದ. ಸಮುದ್ರತೀರಕ್ಕೆ ಹೋಗುವ ಪಾರ್ಕ್‌ವೇಯ ಸೇತುವೆಗಳನ್ನು ಬೇಕೆಂದೇ ತಗ್ಗಾಗಿ ಕಟ್ಟಿಸಿ, ಬಡವರೂ ಕಪ್ಪು ಜನರೂ ಬಸ್ಸಿನಲ್ಲಿ ಬರದಂತೆ ಮಾಡಿದ ಎಂದು ರಾಬರ್ಟ್ ಕ್ಯಾರೊ 1974ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಬರೆದರು. ಈ ಕಥೆ ಜಗತ್ತೆಲ್ಲ ಹಬ್ಬಿತು. 1999ರಲ್ಲಿ ಬೆರ್ನ್‌ವಾರ್ಡ್ ಯೋರ್ಗೆಸ್ ಎಂಬ ಜರ್ಮನ್ ವಿದ್ವಾಂಸ ಇದನ್ನು ಪ್ರಶ್ನಿಸಿದರು. ಪಾರ್ಕ್‌ವೇಗಳಲ್ಲಿ ಬಸ್ಸು ಲಾರಿಗಳಿಗೆ ಹೇಗೂ ನಿಷೇಧವಿತ್ತು. ಹಾಗಿರುವಾಗ ಸೇತುವೆ ಎತ್ತರವಿದ್ದರೆ ಏನು, ತಗ್ಗಾಗಿದ್ದರೆ ಏನು ಎಂಬುದು ಅವರ ಪ್ರಶ್ನೆ.

ನಮ್ಮ ಓದಿಗೆ ಈ ಜಗಳ ಬಹಳ ಮುಖ್ಯ. ಸೇತುವೆಯಲ್ಲಿ ದುರುದ್ದೇಶ ಹುಡುಕಿ ಸಿಗದಿದ್ದರೆ ಅನ್ಯಾಯವೇ ಇರಲಿಲ್ಲ ಅಂತ ವಾದಿಸುವವರಿದ್ದಾರೆ. ಆದರೆ ಯೋರ್ಗೆಸ್ ಆಕ್ಷೇಪವನ್ನು ಪೂರ್ತಿ ಒಪ್ಪಿದರೂ ಉಳಿಯುವುದೇನು? ಕಾರಿಲ್ಲದವನಿಗೆ ಈ ರಸ್ತೆಯಿಲ್ಲ ಎಂಬ ನಿಯಮ. ಕಾರು ಯಾರ ಬಳಿ ಇತ್ತು, ಯಾರ ಬಳಿ ಇರಲಿಲ್ಲ ಅನ್ನೋದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮೂರ ಹೊಳೆಯಲ್ಲಿ ಬೋರ್ಡು ಇರಲಿಲ್ಲ ಅಂತ ಆಗಲೇ ಹೇಳಿದೆ. ಹಗೆತನ ಒಬ್ಬ ವ್ಯಕ್ತಿಯ ಎದೆಯಲ್ಲಿರಬೇಕಾಗಿಲ್ಲ, ವ್ಯವಸ್ಥೆಯ ಸಹಜ ನಡೆಯಲ್ಲಿದ್ದರೆ ಸಾಕು. ದಲಿತ ವಿಮರ್ಶೆ ಖಳನಾಯಕರ ಹುಡುಕಾಟಕ್ಕೆ ಇಳಿದುಬಿಟ್ಟರೆ ಈ ಸಹಜ ನಡೆ ತಪ್ಪಿಸಿಕೊಳ್ಳುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಬಾಬಾಸಾಹೇಬರು ಓದಿದ ಕೊಲಂಬಿಯಾದಿಂದ ಪಶ್ಚಿಮಕ್ಕೆ ನಾಲ್ಕು ಹೆಜ್ಜೆ ನಡೆದರೆ ಹಡ್ಸನ್ ನದಿಯ ದಡದ ರಿವರ್‌ಸೈಡ್ ಪಾರ್ಕ್. 1930ರ ದಶಕದಲ್ಲಿ ಮೋಸಸ್ ಅಲ್ಲಿನ ರೈಲು ಹಳಿಗಳನ್ನು ಮುಚ್ಚಿಸಿ, ಉದ್ಯಾನ ಹಿಗ್ಗಿಸಿ, ಹೆನ್ರಿ ಹಡ್ಸನ್ ಪಾರ್ಕ್‌ವೇ ಮಾಡಿಸಿದ. ಅದೇ ದಡದಲ್ಲಿ ಉತ್ತರಕ್ಕೆ ಹೋದರೆ ಕಪ್ಪು ಜನರ ಹಾರ್ಲೆಮ್. ನಗರದ ಪಶ್ಚಿಮ ಭಾಗದ ಕೊಳಚೆ ನೀರನ್ನು ಶುದ್ಧಿ ಮಾಡುವ ದೊಡ್ಡ ಘಟಕ ಬೇಕಾದಾಗ, ಮೊದಲು ದಕ್ಷಿಣದ ಶ್ರೀಮಂತರ ಬಡಾವಣೆಯ ದಡದಲ್ಲಿ ಯೋಚಿಸಿದ್ದ ಅದನ್ನು ಹಾರ್ಲೆಮ್ ದಡಕ್ಕೆ ತಂದರು. 1986ರಲ್ಲಿ ಘಟಕ ಶುರುವಾಯಿತು. ವಾಸನೆಗೆ ಜನ ಕಿಟಕಿ ತೆರೆಯುವಂತಿರಲಿಲ್ಲ. 1988ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ದಿನದಂದು ಸ್ಥಳೀಯರು ರಸ್ತೆ ತಡೆದು ಬಂಧನಕ್ಕೊಳಗಾದರು. ಆ ಹೋರಾಟದಿಂದ 'ವಿ ಆ್ಯಕ್ಟ್' ಎಂಬ ಸಂಘಟನೆ ಹುಟ್ಟಿತು, ಮೊಕದ್ದಮೆ ನಡೆಯಿತು, ವಾಸನೆ ತಡೆಯಲು ನಗರಾಡಳಿತ ಒಪ್ಪಬೇಕಾಯಿತು, 11 ಲಕ್ಷ ಡಾಲರಿನ ನಿಧಿ ಕೊಡಬೇಕಾಯಿತು. ಘಟಕದ ಮಾಳಿಗೆಯ ಮೇಲೆ 1993ರಲ್ಲಿ ಒಂದು ಉದ್ಯಾನ ತೆರೆಯಿತು. ಊರವರ ಹೊಲಸು ಕೇರಿಗೆ, ಅದರ ಮೇಲೊಂದು ಹೂದೋಟ. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಇಂಗ್ಲಿಷ್ ಸಿದ್ಧಾಂತ ಬೇಕಾಗಿಲ್ಲ.

7

ಈಗ ಬ್ರಾಂಕ್ಸ್ ನದಿಯ ಕೆಳಗಿನ ದಡಕ್ಕೆ ಹೋಗೋಣ. ಗ್ರಾಂಟ್ ಆಯೋಗದ ಶುದ್ಧಿಕಾರ್ಯ ಮೇಲಿನ ಕಣಿವೆಗೆ ಸೀಮಿತವಾಗಿತ್ತು. ಮೃಗಾಲಯದ ಕೆಳಗಿನ ಹರಿವು ಕಾರ್ಖಾನೆ, ಗುಜರಿ, ಹೆದ್ದಾರಿಗಳ ಪಾಲಾಯಿತು. 1960ರ ದಶಕದ ಆರಂಭದಲ್ಲಿ ಅದರ ದಡದಲ್ಲೇ ಷೆರಿಡನ್ ಎಕ್ಸ್‌ಪ್ರೆಸ್‌ವೇ ಬಂತು. ಅಲ್ಲಿನ ಜನ ಬಹುಪಾಲು ಕಪ್ಪು ಜನ, ಪೋರ್ಟೊ ರಿಕೋದವರು. ಮನೆಯ ಪಕ್ಕ ನದಿಯಿದ್ದರೂ ನದಿ ಕಾಣದವರು. ನೀರಿನ ತುಂಬ ಹಳೆ ಟೈರು, ಮುರುಕು ಕಾರು.

1974ರಲ್ಲಿ ಅಲ್ಲಿ ನದಿಯನ್ನು ಚೊಕ್ಕ ಮಾಡುವ ಕೆಲಸವನ್ನು ಕೆಲವರು ಕೈಯಾರೆ ಶುರುಮಾಡಿದರು. ಆಮೇಲೆ ಬಡಾವಣೆಯ ಯುವಕರು, ಚರ್ಚಿನ ಗುಂಪುಗಳು ಸೇರಿಕೊಂಡವು. 2001ರಲ್ಲಿ ಬ್ರಾಂಕ್ಸ್ ರಿವರ್ ಅಲೈಯನ್ಸ್ ಎಂಬ ಒಕ್ಕೂಟವಾಯಿತು. 2007ರಲ್ಲಿ, ಸುಮಾರು 200 ವರ್ಷಗಳ ನಂತರ, ನದಿಯಲ್ಲಿ ಒಂದು ಬೀವರ್ ಕಾಣಿಸಿಕೊಂಡಿತು. ನದಿಗೆ ಹಣ ತಂದುಕೊಟ್ಟ ಪೋರ್ಟೊ ರಿಕೋ ಮೂಲದ ಜನಪ್ರತಿನಿಧಿ ಹೋಸೆ ಸೆರಾನೋ ಅವರ ಹೆಸರನ್ನೇ ಅದಕ್ಕೆ ಇಟ್ಟರು. 2009ರಲ್ಲಿ ಪಾಳುಬಿದ್ದ ಕಾಂಕ್ರೀಟ್ ಕಾರ್ಖಾನೆಯ ಜಾಗ ಉದ್ಯಾನವಾಯಿತು. ಕಾರ್ಖಾನೆಯ ಹಳೆ ಗೋಪುರಗಳನ್ನು ಕೆಡವದೆ ಹಾಗೇ ಉಳಿಸಿಕೊಂಡರು. ದೀರ್ಘ ಹೋರಾಟದ ಫಲವಾಗಿ 2019ರಲ್ಲಿ ಷೆರಿಡನ್ ಹೆದ್ದಾರಿಯನ್ನು ಜನ ದಾಟಬಹುದಾದ ರಸ್ತೆಯಾಗಿ ಬದಲಿಸಲಾಯಿತು. 2021ರಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿನಲ್ಲಿದ್ದ ಗ್ರಾಂಟ್‌ನ ಸ್ಮಾರಕಕಲ್ಲನ್ನು ಅಲ್ಲಿನ ಉದ್ಯಾನ ಇಲಾಖೆ ತೆಗೆಸಿತು.

ಇಲ್ಲಿ ನದಿ ಶುದ್ಧವಾದದ್ದು ಜನರನ್ನು ಕಳೆದಲ್ಲ, ಜನರನ್ನು ಕೂಡಿ. ಎರಡು ಶುದ್ಧಿಗಳ ನಡುವಿನ ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲ. ಹಾಗಂತ ಕಥೆ ಸುಖವಾಗಿ ಮುಗಿಯಿತು ಅನ್ನುವಂತಿಲ್ಲ. ದಡ ಹಸಿರಾದರೆ ಬಾಡಿಗೆ ಏರುತ್ತದೆ, ಹಸಿರು ಮಾಡಿದವರೇ ಮನೆ ಬಿಡಬೇಕಾಗುತ್ತದೆ ಎಂಬ ಭಯ ಅಲ್ಲಿ ಈಗಲೂ ಇದೆ. ಎರಡನೇ ಫೋಟೋದಲ್ಲಿ ಉಳಿದುಕೊಳ್ಳುವುದಕ್ಕೂ ಹೋರಾಟ ಬೇಕು.

ಪಾರ್ಕ್‌ವೇ ತೆರೆದ ಎರಡು ವರ್ಷಕ್ಕೆ, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಸಾವಿರಾರು ಜನರೊಡನೆ ಮಹಾಡ್‌ನ ಚೌದಾರ್ ಕೆರೆಗೆ ಇಳಿದು ನೀರು ಮುಟ್ಟಿದರು. ಆಮೇಲೆ ಮೇಲ್ಜಾತಿಯವರು ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಚರಿತ್ರೆಯಲ್ಲಿ ಶುದ್ಧಿ ಎಂಬ ಮಾತು ಎಲ್ಲಿ ಕಂಡರೂ ಅದರ ಕೆಳಗೆ ಗೀಟು ಎಳೆದು, ಯಾರಿಂದ ಶುದ್ಧಿ ಎಂದು ಅಂಚಿನಲ್ಲಿ ಬರೆದುಕೊಳ್ಳಿ ಅಂತ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ.

ನಮ್ಮೂರ ಹೊಳೆಯಲ್ಲಿ ಈಗ ಬೇಸಿಗೆಯಲ್ಲಿ ನೀರೇ ಇರುವುದಿಲ್ಲ. ಮೂರೂ ಇಳಿದಾಣಗಳು ಒಣಗಿವೆ. ಮೇಲಿನ ಮೆಟ್ಟಿಲಿಗೆ ಮಾತ್ರ ಈಚೆಗೆ ಸುಣ್ಣ ಬಳಿದಿದ್ದಾರೆ.